ಗಾಮದೇವಿಯಿಂದ ಡೊಂಬಿವಲಿಯವರೆಗೆ: ಮುಂಬಯಿಯಲ್ಲಿ ಸ್ವಂತ ಮನೆಯ ಇತಿಹಾಸ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯ ಮೊದಲರ್ಧ ಮುಂಬಯಿ ಕನ್ನಡಿಗರಿಗೆ ಅಷ್ಟಾಗಿ ಒಗ್ಗಿ ಬಂದದ್ದಲ್ಲ. ಇಲ್ಲಿ ನಾವು ಮನೆ ಕಟ್ಟುವುದಿಲ್ಲ. ಹುಡುಕುತ್ತೇವೆ, ವಿಚಾರಿಸುತ್ತೇವೆ, ಕೊಳ್ಳಲಾಗದಿದ್ದರೆ ಇನ್ನೂ ನಾಲ್ಕು ನಿಲ್ದಾಣ ಮುಂದೆ ಹೋಗಿ ಮತ್ತೆ ವಿಚಾರಿಸುತ್ತೇವೆ. ‘ಮಾಟುಂಗದಲ್ಲಿ ಪರವಡುವುದಿಲ್ಲ, ಮುಲುಂಡಿನಲ್ಲೂ ಪರವಡುವುದಿಲ್ಲ, ಡೊಂಬಿವಲಿಯಲ್ಲಿ ನೋಡಬಹುದು’ ಎನ್ನುವ ಮಾತು ನಮ್ಮ ಎಷ್ಟೋ ಮನೆಗಳಲ್ಲಿ ಎರಡು ತಲೆಮಾರುಗಳಿಂದ ಕೇಳಿಬರುತ್ತಿದೆ. ಮರಾಠಿಯಿಂದ ನಮ್ಮ ಮನೆಮಾತಿಗೆ ಸೇರಿಕೊಂಡ ಆ ‘ಪರವಡು’ ಎಂಬ ಕ್ರಿಯಾಪದಕ್ಕೆ ಈಚಿನ ಜಾಹೀರಾತುಗಳು ‘ಕೈಗೆಟುಕುವ’ ಎಂಬ ಅಚ್ಚುಕಟ್ಟಾದ ಪದವನ್ನು ಬಳಸುತ್ತವೆ. ಆದರೆ ಈ ಮಹಾನಗರದಲ್ಲಿ ಕೈಗೆಟುಕಿದ ಮನೆ ಕಾಲಿಗೆ ದೂರವಾಗುತ್ತಲೇ ಬಂದಿದೆ. ಹಣದಲ್ಲಿ ಉಳಿದದ್ದನ್ನು ನಾವು ದಾರಿಯಲ್ಲಿ ತೆತ್ತಿದ್ದೇವೆ.

ಹೀಗೆ ದೂರ ಹೋಗುವುದನ್ನು ಒಂದೊಂದು ಸಂಸಾರವೂ ತನ್ನ ಸಂಬಳದ ಲೆಕ್ಕವೆಂದೇ ಭಾವಿಸುತ್ತದೆ. ಮೂವತ್ತು ವರ್ಷ ಪೇಟೆಯಲ್ಲಿದ್ದು ಕೊನೆಗೆ ಬದ್ಲಾಪುರಕ್ಕೆ ಹೋಗಬೇಕಾಯಿತೆಂದು ಹೇಳುವಾಗ ಹಿರಿಯರ ದನಿಯಲ್ಲಿ ಸೋಲಿನ ಎಳೆಯೊಂದು ಸುಳಿಯುವುದೂ ಉಂಟು. ಇತಿಹಾಸವನ್ನು ಕೊಂಚ ತಿರುವಿ ನೋಡಿದರೆ ಈ ಸೋಲು ಅವರದಲ್ಲವೆಂದು ತಿಳಿಯುತ್ತದೆ. ಮನೆ ಎಲ್ಲಿ ಸಿಗಬೇಕು, ಯಾರಿಗೆ ಸಿಗಬೇಕು ಎಂಬುದನ್ನು ಒಂದು ಸಾಂಕ್ರಾಮಿಕ ರೋಗ, ಕೆಲವು ಕಾಯಿದೆಗಳು, ರೈಲಿನ ಹಳಿಗಳು ಮತ್ತು ಸಾಲದ ನಿಯಮಗಳು ನಿರ್ಧರಿಸುತ್ತ ಬಂದಿವೆ. ಈ ಕಥೆಯ ಆರಂಭದ ಒಂದು ಮುಖ್ಯ ಅಧ್ಯಾಯವನ್ನು ಬರೆದವರು ನಮ್ಮ ಉತ್ತರ ಕನ್ನಡದ ಕರಾವಳಿಯಿಂದ ಬಂದವರು ಎಂಬುದನ್ನು ನಾವು ಬಹುಮಟ್ಟಿಗೆ ಮರೆತಿದ್ದೇವೆ.

1896ರ ಸೆಪ್ಟೆಂಬರಿನಲ್ಲಿ ಬಂದರಿನ ಬದಿಯ ಮಾಂಡವಿ ಪ್ರದೇಶದಲ್ಲಿ ಡಾ. ಅಕಾಸಿಯೊ ವಿಯೇಗಸ್ ಎಂಬ ವೈದ್ಯರು ಪ್ಲೇಗನ್ನು ಗುರುತಿಸಿದರು. ಮುಂದಿನ ತಿಂಗಳುಗಳಲ್ಲಿ ಜನ ಲಕ್ಷಗಟ್ಟಲೆ ಊರು ಬಿಟ್ಟರು. ಗಾಳಿ ಬೆಳಕಿಲ್ಲದ ಚಾಳುಗಳೇ ರೋಗದ ತವರೆಂದು ಬಗೆದ ಸರ್ಕಾರ 1898ರಲ್ಲಿ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟನ್ನು ಸ್ಥಾಪಿಸಿತು. ಟ್ರಸ್ಟು ಇಕ್ಕಟ್ಟಾದ ಕೇರಿಗಳನ್ನು ಕೆಡವಿ ಅಗಲವಾದ ರಸ್ತೆಗಳನ್ನು ತೆಗೆಯಿತು. ಉತ್ತರಕ್ಕೆ ದಾದರ್, ಮಾಟುಂಗ, ವಡಾಲ, ಸಯನ್ ಕಡೆಯ ಗದ್ದೆ ತೋಟಗಳನ್ನು ವಶಪಡಿಸಿಕೊಂಡು ಹೊಸ ಬಡಾವಣೆಗಳ ನಕ್ಷೆ ಹಾಕಿತು. ಅದೇ ಪ್ಲೇಗು 1898ರಲ್ಲಿ ಬೆಂಗಳೂರನ್ನು ಮುಟ್ಟಿದ ಮೇಲೆ ಬಸವನಗುಡಿ, ಮಲ್ಲೇಶ್ವರಗಳು ತುಂಬಿಕೊಂಡದ್ದನ್ನು ಇಲ್ಲಿ ನೆನೆಯಬಹುದು. ಎರಡೂ ಊರುಗಳಲ್ಲಿ ‘ಎಕ್ಸ್‌ಟೆನ್ಷನ್’ ಎಂಬ ಕಲ್ಪನೆ ಬೆಳೆದದ್ದು ಸಾವಿನ ಭಯದಿಂದ. ಆದರೆ ಕೆಡವಿದ ಚಾಳುಗಳಲ್ಲಿದ್ದವರು ಹೊಸ ಬಡಾವಣೆಗೆ ಹೋಗಲಿಲ್ಲ. ಅವರು ಪಕ್ಕದ ಚಾಳಿನಲ್ಲಿ ಇನ್ನಷ್ಟು ಒತ್ತಾಗಿ ಸೇರಿಕೊಂಡರು. ಹೊಸ ಬಡಾವಣೆಗೆ ಹೋದವರು ತಿಂಗಳ ಸಂಬಳವಿದ್ದವರು. ಮುಂದಿನ ನೂರು ವರ್ಷಗಳ ಯೋಜನೆಗಳಲ್ಲೂ ಈ ಕ್ರಮ ಹೆಚ್ಚು ಬದಲಾಗಲಿಲ್ಲ.

ಆ ಸಂಬಳದಾರರ ಸಾಲಿನಲ್ಲಿ ಕನ್ನಡ ನಾಡಿನವರು ಬಂದು ನಿಂತದ್ದಕ್ಕೆ ಭೂಪಟದ ಕಾರಣವಿದೆ. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದರಾಸು ಪ್ರಾಂತದಿಂದ ಬೇರ್ಪಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಲಾಯಿತು. ಧಾರವಾಡ, ಬೆಳಗಾವಿ, ಬಿಜಾಪುರಗಳು ಆ ಪ್ರಾಂತದಲ್ಲೇ ಇದ್ದವು. ಈ ಜಿಲ್ಲೆಗಳವರಿಗೆ ಮುಂಬಯಿ ಪರಸ್ಥಳವಾಗಿರಲಿಲ್ಲ. ಹೈಕೋರ್ಟು, ವಿಶ್ವವಿದ್ಯಾಲಯ, ಸಚಿವಾಲಯಗಳಿದ್ದ ರಾಜಧಾನಿಯಾಗಿತ್ತು. ಮದರಾಸಿಗೆ ಸೇರಿದ್ದ ದಕ್ಷಿಣ ಕನ್ನಡದವರು ಹಡಗು ಹತ್ತಿ ಬಂದರು. ಅವರಲ್ಲಿ ಹಲವರು ಹೋಟೆಲುಗಳಲ್ಲಿ ದುಡಿದು, ರಾತ್ರಿ ಶಾಲೆಗಳಲ್ಲಿ ಓದಿ, ಹೋಟೆಲಿನ ಬೆಂಚುಗಳ ಮೇಲೆಯೇ ಮಲಗಿದರು. ಹೀಗೆ ಒಂದೇ ಕರಾವಳಿಯಿಂದ ಎರಡು ಬಗೆಯ ಜನ ಬಂದರು. ಒಬ್ಬರು ಸಂಸಾರ ಕರೆತಂದು ಮನೆ ಹುಡುಕಿದರು. ಇನ್ನೊಬ್ಬರು ಮಲಗುವ ಜಾಗವಷ್ಟನ್ನೇ ಹುಡುಕಿ, ಸಂಸಾರವನ್ನು ಊರಲ್ಲೇ ಬಿಟ್ಟರು.

ಮನೆ ಹುಡುಕಿದವರ ನಡುವೆ ಶ್ರೀಪಾದ ಸುಬ್ರಾವ್ ತಲ್ಮಕಿ ಇದ್ದರು. ಚಿತ್ರಾಪುರ ಸಾರಸ್ವತ ಸಮುದಾಯದ ಇವರು 1906ರಲ್ಲಿ ತಮ್ಮ ಹಿರಿಯರಾದ ಶಾಮರಾವ್ ವಿಠ್ಠಲ ಕೈಕಿಣಿಯವರ ಹೆಸರಿನಲ್ಲಿ ಒಂದು ಸಹಕಾರಿ ಪತ್ತಿನ ಸಂಘವನ್ನು ಆರಂಭಿಸಿದರು. ಇಂದಿನ ಶಾಮರಾವ್ ವಿಠ್ಠಲ ಸಹಕಾರಿ ಬ್ಯಾಂಕಿನ ಮೂಲ ಅದು. ಸಣ್ಣ ಸಂಬಳದ ಗುಮಾಸ್ತನಿಗೆ ಸಾಲ ಸಿಕ್ಕರೂ ಮನೆ ಸಿಗುವುದಿಲ್ಲವೆಂಬುದನ್ನು ಅವರು ಬಲ್ಲರು. 1915ರಲ್ಲಿ ಸಾರಸ್ವತ ಕೋಆಪರೇಟಿವ್ ಹೌಸಿಂಗ್ ಸೊಸೈಟಿ ನೋಂದಣಿಯಾಯಿತು. ಗಾಮದೇವಿಯಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟಿನ ಜಾಗವನ್ನು ದೀರ್ಘಾವಧಿ ಗುತ್ತಿಗೆಗೆ ಪಡೆದು ಅದು ಕಟ್ಟಡಗಳನ್ನು ಎಬ್ಬಿಸಿತು. ಭಾರತದಲ್ಲಿ ಗೃಹನಿರ್ಮಾಣ ಸಹಕಾರ ಚಳವಳಿಯ ಜನಕರೆಂದು ತಲ್ಮಕಿಯವರನ್ನು ಕರೆಯುವುದು ಈ ಕಾರಣಕ್ಕೆ. ತಾಡದೇವದ ತಲ್ಮಕಿವಾಡಿ ಇಂದಿಗೂ ಅವರ ಹೆಸರನ್ನು ಹೊತ್ತು ನಿಂತಿದೆ. ಇದಕ್ಕೆ ಆರು ವರ್ಷ ಮೊದಲು, 1909ರಲ್ಲಿ, ಬೆಂಗಳೂರಿನಲ್ಲಿ ಬಿಲ್ಡಿಂಗ್ ಕೋಆಪರೇಟಿವ್ ಸೊಸೈಟಿಯೊಂದು ಹುಟ್ಟಿತ್ತು. ಬೆಂಗಳೂರಿನ ಸಂಘ ಸದಸ್ಯನಿಗೆ ತನ್ನ ನಿವೇಶನದಲ್ಲಿ ತನ್ನ ಮನೆ ಕಟ್ಟಿಕೊಳ್ಳಲು ನೆರವಾಗುವ ದಾರಿಯಲ್ಲಿ ನಡೆಯಿತು. ಗಾಮದೇವಿಯ ಸಂಘ ಹಿಡಿದ ದಾರಿ ಬೇರೆ.

ಆ ದಾರಿಯ ಬೀಜ ಇಂಗ್ಲೆಂಡಿನಲ್ಲಿತ್ತು. ಇಲ್ಲಿ ಟ್ರಸ್ಟು ಸ್ಥಾಪನೆಯಾದ 1898ರಲ್ಲಿಯೇ ಅಲ್ಲಿ ಎಬನೀಜರ್ ಹವರ್ಡ್ ಉದ್ಯಾನ ನಗರಿಯ ಕಲ್ಪನೆಯನ್ನು ಮಂಡಿಸಿದ ಪುಸ್ತಕ ಹೊರಬಂತು. 1901ರಲ್ಲಿ ಲಂಡನ್ನಿನ ಅಂಚಿನ ಈಲಿಂಗಿನಲ್ಲಿ ಬಾಡಿಗೆದಾರರೇ ಪಾಲುದಾರರಾದ ಸಂಘವೊಂದು ರೂಪುಗೊಂಡಿತು. ಅದರ ತತ್ತ್ವ ಸರಳವಾದದ್ದು: ಜಾಗವೂ ಕಟ್ಟಡವೂ ಸಂಘದ್ದು, ಸದಸ್ಯನು ಷೇರು ಹಣ ತೊಡಗಿಸಿ, ತಿಂಗಳಿಗೆ ನಿಗದಿತ ಬಾಡಿಗೆ ಕೊಟ್ಟು, ವಾಸದ ಹಕ್ಕನ್ನು ಪಡೆಯುತ್ತಾನೆ. ಅವನು ಬಾಡಿಗೆದಾರನೂ ಹೌದು, ಒಡೆಯರಲ್ಲೊಬ್ಬನೂ ಹೌದು. ಗಾಮದೇವಿಯಲ್ಲಿ ಈ ತತ್ತ್ವ ಬಹುಮಹಡಿ ಕಟ್ಟಡಕ್ಕೆ ಇಳಿದು ಬಂತು. ನಿವೇಶನ ಕೊಳ್ಳುವ ಶಕ್ತಿಯಿಲ್ಲದವರು ಹತ್ತಾರು ಮಂದಿ ಸೇರಿ ಒಂದು ನಿವೇಶನದ ಮೇಲೆ ಒಬ್ಬರ ತಲೆಯ ಮೇಲೊಬ್ಬರು ವಾಸಿಸುವ ಒಪ್ಪಂದ ಅದು. ಇಂದು ನಾವು ‘ಸೊಸೈಟಿ’ ಎಂಬ ಒಂದೇ ಪದದಲ್ಲಿ ಕಟ್ಟಡವನ್ನೂ, ನೆರೆಹೊರೆಯನ್ನೂ, ಅದರ ಆಡಳಿತವನ್ನೂ ಸೂಚಿಸುತ್ತೇವಲ್ಲ, ಆ ಬಳಕೆಯ ಬೇರು ಇಲ್ಲಿದೆ.

ಮನೆಯೊಳಗೂ ಒಂದು ಬದಲಾವಣೆ ನಡೆಯುತ್ತಿತ್ತು. ಚಾಳಿನಲ್ಲಿ ನಲ್ಲಿಯೂ ಪಾಯಖಾನೆಯೂ ಮೊಗಸಾಲೆಯ ಕೊನೆಯಲ್ಲಿ, ಎಲ್ಲರಿಗೂ ಸೇರಿದವು. ಹೊಸ ಮಧ್ಯಮವರ್ಗದ ‘ಬ್ಲಾಕು’ಗಳಲ್ಲಿ ಅವೆಲ್ಲ ಬಾಗಿಲಿನ ಒಳಗೆ ಬಂದವು. ಅಡುಗೆಮನೆಯ ಮಡಿ ಮೈಲಿಗೆಗಳಲ್ಲಿ ಬೆಳೆದು ಬಂದವರು ಪಾಯಖಾನೆಯನ್ನು ವಾಸದ ಸೂರಿನಡಿಗೆ ತಂದುಕೊಳ್ಳಲು ಒಪ್ಪಿದ್ದು ಸಣ್ಣ ಸಂಗತಿಯಲ್ಲ. ನಸುಕಿನಲ್ಲಿ ನಲ್ಲಿಯ ಸಾಲು ಕಾಯುವ ಕೆಲಸದಿಂದ ಹೆಂಗಸರಿಗೆ ಬಿಡುಗಡೆ ದೊರೆತದ್ದು ಇದರ ದೊಡ್ಡ ಫಲ. ಉಪನಗರಕ್ಕೆ ಹೋಗುವುದೆಂದರೆ ಆಗ ಸ್ವಂತ ನಲ್ಲಿ, ಸ್ವಂತ ಬಾಗಿಲು ಪಡೆಯುವುದೆಂದೇ ಅರ್ಥವಾಗಿತ್ತು.

ಈ ಸಾಧನೆಯ ಮಿತಿಯನ್ನೂ ನಾವು ಹೇಳಲೇಬೇಕು. ಗಾಮದೇವಿಯ ಸಂಘ ಒಂದು ಜಾತಿಯವರ ಸಂಘವಾಗಿತ್ತು. ಪರಸ್ಪರ ಬಲ್ಲವರಲ್ಲಿ ಮಾತ್ರ ಸಾಲದ ನಂಬಿಕೆ ಹುಟ್ಟುತ್ತದೆಂಬುದು ಆ ಕಾಲದ ಸಹಕಾರಿಗಳ ವಾದ. ಆ ನಂಬಿಕೆ ಕೆಲಸ ಮಾಡಿತು, ನಿಜ. ಅದೇ ಕರಾವಳಿಯಿಂದ ಬಂದು ಹೋಟೆಲಿನ ಬೆಂಚಿನ ಮೇಲೆ ಮಲಗುತ್ತಿದ್ದವನಿಗೆ ಅದರ ಬಾಗಿಲು ತೆರೆಯಲಿಲ್ಲ ಎಂಬುದೂ ನಿಜ. ಮುಂದೆ ಸಮುದಾಯಕ್ಕೊಂದು ಸೊಸೈಟಿ ಎಂಬುದು ನಗರದ ಪದ್ಧತಿಯೇ ಆಯಿತು. 2005ರಲ್ಲಿ ಅಹಮದಾಬಾದಿನ ಪಾರಸಿ ಸೊಸೈಟಿಯೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇಂಥ ಸದಸ್ಯತ್ವ ನಿಯಮವನ್ನು ಎತ್ತಿಹಿಡಿಯಿತು. ಇಂದು ಬಾಡಿಗೆಗೆ ಮನೆ ಕೇಳಲು ಹೋದಾಗ ‘ನೀವು ಯಾವ ಪೈಕಿ?’, ‘ಮಾಂಸಾಹಾರಿಗಳೇ?’ ಎಂಬ ಪ್ರಶ್ನೆಗಳು ಎದುರಾದರೆ ಅವುಗಳ ಹಿಂದೆ ಇಷ್ಟು ಉದ್ದದ ಇತಿಹಾಸವಿದೆ.

ಕಾರ್ಮಿಕರಿಗೆ ಸರ್ಕಾರ ಕಟ್ಟಿಕೊಟ್ಟದ್ದು ಚಾಳನ್ನೇ. 1920ರಲ್ಲಿ ಸ್ಥಾಪನೆಯಾದ ಬಾಂಬೆ ಡೆವಲಪ್‌ಮೆಂಟ್ ಡೈರೆಕ್ಟೊರೇಟ್ ವರ್ಲಿ, ನಾಯಗಾಂವ್, ಡಿಲೈಲ್ ರಸ್ತೆ, ಶಿವಡಿಗಳಲ್ಲಿ 207 ಕಟ್ಟಡಗಳನ್ನು ಕಟ್ಟಿತು. ಒಂದು ಸಂಸಾರಕ್ಕೆ ಸುಮಾರು 160 ಚದರ ಅಡಿಯ ಒಂದು ಕೋಣೆ. ‘ಬಿಡಿಡಿ ಚಾಳು’ ಎಂದು ಹೆಸರಾದ ಇವುಗಳ ಬಹುಪಾಲು ಒಂದು ಶತಮಾನ ಬಾಳಿದವು. ಗುಮಾಸ್ತನಿಗೆ ಸಹಕಾರ ಸಂಘ, ಗಿರಣಿಯವನಿಗೆ ಸರ್ಕಾರಿ ಕೋಣೆ ಎಂಬ ಹಂಚಿಕೆಯಲ್ಲಿ ಹೋಟೆಲು ಕಾರ್ಮಿಕನ ಹೆಸರು ಎಲ್ಲಿಯೂ ಇರಲಿಲ್ಲ.

ದೂರದ ಮನೆಯನ್ನು ಸಾಧ್ಯವಾಗಿಸಿದ್ದು ರೈಲು. ಬೋರಿಬಂದರಿನಿಂದ ಥಾಣೆಗೆ 1853ರಲ್ಲಿ, ಕಲ್ಯಾಣಕ್ಕೆ 1854ರಲ್ಲಿ ಹಳಿ ಮುಟ್ಟಿದ್ದರೂ ದಿನನಿತ್ಯ ಹೋಗಿಬರುವ ಜೀವನ ಬೆಳೆದದ್ದು ವಿದ್ಯುತ್ತು ಬಂದ ಮೇಲೆ. 1925ರ ಫೆಬ್ರವರಿ 3ರಂದು ವಿಕ್ಟೋರಿಯಾ ಟರ್ಮಿನಸ್‌ನಿಂದ ಕುರ್ಲಾಕ್ಕೆ ಮೊದಲ ವಿದ್ಯುತ್ ರೈಲು ಓಡಿತು. ಪಶ್ಚಿಮದ ಹಳಿಯಲ್ಲಿ ವಿದ್ಯುತ್ತು 1928ರಲ್ಲಿ ಬೋರಿವಲಿಯನ್ನೂ 1936ರಲ್ಲಿ ವಿರಾರನ್ನೂ ತಲುಪಿತು. ಮನೆಯ ಬೆಲೆಯನ್ನು ಅಳೆಯುವ ಹೊಸ ಕೋಲು ಆಗ ಹುಟ್ಟಿತು: ನಿಲ್ದಾಣದಿಂದ ಎಷ್ಟು ನಿಮಿಷದ ನಡಿಗೆ, ನಿಲ್ದಾಣದಿಂದ ಕಚೇರಿಗೆ ಎಷ್ಟು ನಿಮಿಷದ ರೈಲು. ಆ ದಿನಗಳ ‘ದೂರದ ಊರು’ ಮಾಟುಂಗ. ಅಲ್ಲಿ 1926ರಲ್ಲಿ ಮೈಸೂರು ಅಸೋಸಿಯೇಷನ್, ನೆರೆಯ ಮಾಹಿಮಿನಲ್ಲಿ ನೆಲೆ ಕಂಡ ಕರ್ನಾಟಕ ಸಂಘ 1933ರಲ್ಲಿ ಹುಟ್ಟಿದವು. ಕನ್ನಡ ಸಂಸ್ಥೆಗಳು ಬಾಡಿಗೆ ಪರವಡುವ ಕಡೆಗೆ ಹೋದ ಕುಟುಂಬಗಳ ಹಿಂದೆಯೇ ಹೋದವು ಎಂಬುದಕ್ಕೆ ಇವು ಸಾಕ್ಷಿ.

ಆಗ ಅವರೆಲ್ಲ ಬಾಡಿಗೆದಾರರೇ. ಮನೆ ಕೊಳ್ಳುವುದು ಅನಿವಾರ್ಯವಾದದ್ದು ಬಾಡಿಗೆಯ ಮನೆಗಳು ಬತ್ತಿದ ಮೇಲೆ. ಮೊದಲ ಮಹಾಯುದ್ಧದ ಹೊತ್ತಿಗೆ, 1918ರಲ್ಲಿ, ಬಾಡಿಗೆಗೆ ಮೊದಲ ಕಡಿವಾಣ ಬಿತ್ತು. 1947ರ ಬಾಡಿಗೆ ಕಾಯಿದೆ 1940ರ ಸೆಪ್ಟೆಂಬರಿನ ಬಾಡಿಗೆಯನ್ನು ಅಳತೆಗೋಲಾಗಿ ಹಿಡಿಯಿತು. ನಿರಾಶ್ರಿತರು ಬಂದು ತುಂಬುತ್ತಿದ್ದ ನಗರದಲ್ಲಿ ಬಡವನ ಸೂರನ್ನು ಕಾಯಲು ಬೇರೆ ದಾರಿ ಕಂಡಿರಲಿಕ್ಕಿಲ್ಲ. ಆಗ ಒಳಗಿದ್ದವರಿಗೆ ಅದು ವರವಾಯಿತು. ನಂತರ ಬಂದವರಿಗೆ ಗೋಡೆಯಾಯಿತು. ಹಳೆಯ ಬಾಡಿಗೆಯಲ್ಲಿ ಲಾಭವಿಲ್ಲವೆಂದು ಮಾಲೀಕರು ಬಾಡಿಗೆಗೆಂದು ಕಟ್ಟುವುದನ್ನೇ ಬಿಟ್ಟರು, ಇದ್ದ ಕಟ್ಟಡಗಳ ದುರಸ್ತಿಯನ್ನೂ ಬಿಟ್ಟರು. ಕೈ ಬದಲಾಗುವ ಪ್ರತಿ ಕೋಣೆಗೂ ಕೈಯಡಿಯಲ್ಲಿ ‘ಪಗಡಿ’ ಹಣ ಹುಟ್ಟಿಕೊಂಡಿತು. ದಶಕಗಳ ಮೇಲೆ 1999ರ ಹೊಸ ಬಾಡಿಗೆ ಕಾಯಿದೆ ಆ ಪಗಡಿಯನ್ನು ಕಾನೂನಿನೊಳಗೆ ತಂದಿತು. ಗಿರಗಾಂವ್, ಪರೇಲ್, ಫೋರ್ಟುಗಳಲ್ಲಿ ಅಜ್ಜನ ಕಾಲದ ಖೋಲಿ ಹಿಡಿದುಕೊಂಡ ನಮ್ಮವರು ಕಡಿಮೆ ಬಾಡಿಗೆಯಲ್ಲಿ ಮಕ್ಕಳನ್ನು ಓದಿಸಿದರು. ಆದರೆ ಆ ಮಕ್ಕಳಿಗೆ ಮದುವೆಯಾದ ಮೇಲೆ ಅದೇ ಖೋಲಿಯಲ್ಲಿ ಎರಡನೆಯ ಹಾಸಿಗೆಗೆ ಜಾಗವಿರಲಿಲ್ಲ, ಪಕ್ಕದಲ್ಲಿ ಬಾಡಿಗೆಗೆ ಇನ್ನೊಂದು ಖೋಲಿಯೂ ಇರಲಿಲ್ಲ.

ಈ ನಡುವೆ ಇನ್ನೊಂದು ಘಟನೆ ನಡೆಯಿತು. 1956ರ ನವೆಂಬರ್ 1ರಂದು ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡಗಳು ಮೈಸೂರು ರಾಜ್ಯಕ್ಕೆ ಸೇರಿದವು; 1960ರ ಮೇ 1ರಂದು ಮಹಾರಾಷ್ಟ್ರ ರಚನೆಯಾಯಿತು. ಮುಂಬಯಿಯಲ್ಲಿದ್ದ ನಾವು ಕದಲಲಿಲ್ಲ, ಗೆರೆ ಕದಲಿತು. ರಾಜಧಾನಿಯಲ್ಲಿದ್ದವರು ಹೊರನಾಡಿನವರಾದೆವು. ನಿವೃತ್ತಿಯ ಬಳಿಕ ಊರಿಗೆ ಮರಳುವುದೋ, ಇಲ್ಲೇ ಬೇರೂರುವುದೋ ಎಂಬ ಪ್ರಶ್ನೆ ಆಗ ಮೊದಲ ಬಾರಿಗೆ ಗಟ್ಟಿಯಾಗಿ ಕೇಳಿಬಂತು. ಅದಕ್ಕೆ ಉತ್ತರವಾಗಿ ಕಂಡದ್ದು ‘ಓನರ್‌ಶಿಪ್ ಫ್ಲಾಟು’. ಬಿಲ್ಡರನ ಹೊಸ ವ್ಯಾಪಾರವನ್ನು ಹದ್ದುಬಸ್ತಿನಲ್ಲಿಡಲು 1963ರಲ್ಲಿಯೇ ಮಹಾರಾಷ್ಟ್ರ ಓನರ್‌ಶಿಪ್ ಫ್ಲಾಟ್ಸ್ ಕಾಯಿದೆ ಬಂತೆಂದರೆ ಆ ವ್ಯಾಪಾರದ ವೇಗವನ್ನು ಊಹಿಸಬಹುದು.

ಮುಂಬಯಿ ಮಹಾನಗರಪಾಲಿಕೆಯ ಎಲ್ಲೆ 1950ರಲ್ಲಿ ಅಂಧೇರಿ, ಕುರ್ಲಾಗಳ ಕಡೆಗೂ 1957ರಲ್ಲಿ ದಹಿಸರ್, ಮುಲುಂಡುಗಳವರೆಗೂ ವಿಸ್ತರಿಸಿತು. ಆ ಎಲ್ಲೆಯಾಚೆ ಕಾಲಿಟ್ಟೊಡನೆ ದರ ಇಳಿಯುತ್ತಿತ್ತು. ಅದರೊಂದಿಗೆ ನೀರು, ಚರಂಡಿ, ಆಸ್ಪತ್ರೆ, ಬಸ್ಸುಗಳ ಭರವಸೆಯೂ ಇಳಿಯುತ್ತಿತ್ತು. ಮುಖ್ಯ ಟರ್ಮಿನಸ್‌ನಿಂದ ಸುಮಾರು 48 ಕಿಲೋಮೀಟರ್ ದೂರದ ಡೊಂಬಿವಲಿ ಹೀಗೆ ಮಧ್ಯಮವರ್ಗದ ಊರಾಯಿತು. 1983ರಲ್ಲಿ ಕಲ್ಯಾಣ ಮಹಾನಗರಪಾಲಿಕೆ ರಚನೆಯಾಗುವ ಮೊದಲೇ ಅಲ್ಲಿ ನಮ್ಮವರ ಸಂಖ್ಯೆ ಬೆಳೆದಿತ್ತು. ಕೊಲ್ಲಿಯಾಚೆ 1970ರಲ್ಲಿ ಸಿಡ್ಕೊ ಸಂಸ್ಥೆಯನ್ನು ಸ್ಥಾಪಿಸಿ ನವಿ ಮುಂಬಯಿಯ ಯೋಜನೆ ಹಾಕಲಾಯಿತು. 1973ರಲ್ಲಿ ವಾಶಿ ಸೇತುವೆ ತೆರೆಯಿತು. ಆದರೆ ಲೋಕಲ್ ರೈಲು ವಾಶಿಗೆ ಬಂದದ್ದು 1992ರಲ್ಲಿ. ಯೋಜನೆಯಿಲ್ಲದೆ ಬೆಳೆದರೂ ರೈಲಿದ್ದ ಡೊಂಬಿವಲಿ ಗಿಜಿಗುಟ್ಟಿತು; ಯೋಜನೆಯಿದ್ದರೂ ರೈಲಿಲ್ಲದ ವಾಶಿ ಎರಡು ದಶಕ ಕಾಯಿತು. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ತೆರೆದ ಮೇಲೆ ಊರಿನ ಗಾಡಿ ನಿಲ್ಲುವ ಥಾಣೆ, ಪನ್ವೇಲ್‌ಗಳು ಕರಾವಳಿಯವರಿಗೆ ಇನ್ನೊಂದು ಕಾರಣಕ್ಕೆ ಹತ್ತಿರವಾದವು. ಮನೆ ಕೊಳ್ಳುವವನ ಲೆಕ್ಕದಲ್ಲಿ ಊರಿನ ದಾರಿಯೂ ಒಂದು ಅಂಶವೇ.

ಆದರೆ ನಿತ್ಯದ ದಾರಿಯ ಲೆಕ್ಕ ಬೇರೆ. ಡೊಂಬಿವಲಿಯಿಂದ ಫೋರ್ಟಿಗೆ ಮನೆಬಾಗಿಲಿನಿಂದ ಕಚೇರಿಯ ಬಾಗಿಲಿಗೆ ಒಂದೂವರೆ ಗಂಟೆಯೆಂದರೆ ದಿನಕ್ಕೆ ಮೂರು ಗಂಟೆ. ವರ್ಷಕ್ಕೆ 250 ಕೆಲಸದ ದಿನಗಳಂತೆ 750 ಗಂಟೆ, ಅಂದರೆ ಹಗಲು ರಾತ್ರಿ ಸೇರಿ 31 ದಿನ. ಮೂವತ್ತು ವರ್ಷದ ನೌಕರಿಯಲ್ಲಿ ಎರಡೂವರೆ ವರ್ಷ ರೈಲಿನಲ್ಲೂ ಪ್ಲಾಟ್‌ಫಾರಂಗಳಲ್ಲೂ ಕಳೆಯುತ್ತದೆ. ಮನೆಯ ಕರಾರುಪತ್ರದಲ್ಲಿ ಈ ಬೆಲೆಯನ್ನು ಯಾರೂ ಬರೆಯುವುದಿಲ್ಲ. ಅದನ್ನು ತೆರುವುದರಲ್ಲಿಯೂ ಸಮಪಾಲಿಲ್ಲ. ರೈಲು ಇಳಿದ ಗಂಡಸು ಮನೆಗೆ ಬಂದನೆಂದರೆ ಕೆಲಸ ಮುಗಿಯಿತು. ದುಡಿಯುವ ಹೆಂಗಸು ಸಂಜೆಯ ರೈಲಿನಲ್ಲಿ ಕುಳಿತು ಹುರುಳಿಕಾಯಿಯ ನಾರು ತೆಗೆಯುವ ದೃಶ್ಯವನ್ನು ನಾವೆಲ್ಲ ಕಂಡಿದ್ದೇವೆ. ಪಶ್ಚಿಮ ರೈಲ್ವೆ 1992ರಲ್ಲಿ ಚರ್ಚ್‌ಗೇಟ್ ಮತ್ತು ಬೋರಿವಲಿಗಳ ನಡುವೆ ‘ಲೇಡೀಸ್ ಸ್ಪೆಷಲ್’ ಓಡಿಸಿತು ಎಂಬುದು ಎಷ್ಟು ಹೆಂಗಸರು ಎಷ್ಟು ದೂರದಿಂದ ಬರತೊಡಗಿದ್ದರೆಂಬುದರ ದಾಖಲೆಯೂ ಹೌದು.

ಹಣದ ಬಾಗಿಲುಗಳೂ ಇದೇ ಕಾಲದಲ್ಲಿ ತೆರೆದವು. ಕೇಂದ್ರ ಸರ್ಕಾರಿ ನೌಕರರಿಗೆ ಮನೆ ಕಟ್ಟುವ ಮುಂಗಡದ ಯೋಜನೆ 1956ರಲ್ಲಿ ಆರಂಭವಾಯಿತು. 1977ರಲ್ಲಿ ಎಚ್. ಟಿ. ಪಾರೇಖರು ಎಚ್‌ಡಿಎಫ್‌ಸಿ ಸ್ಥಾಪಿಸಿದ ಮೇಲೆ ಖಾಸಗಿ ನೌಕರನಿಗೂ ಗೃಹಸಾಲ ದೊರೆಯಿತು. ಅದಕ್ಕೆ ಹಿಂದೆ ಭವಿಷ್ಯನಿಧಿ, ಹೆಂಡತಿಯ ಬಂಗಾರ, ಊರಿನ ಗದ್ದೆಯ ಪಾಲು, ಇವೇ ಬ್ಯಾಂಕುಗಳು. ಕೇಂದ್ರ ನೌಕರರಾದ ನಮ್ಮಂಥವರ ಸ್ಥಿತಿ ಕೊಂಚ ವಿಚಿತ್ರ. ಎಂಟಾಪ್ ಹಿಲ್ಲಿನಂಥ ಕಡೆ ಸರ್ಕಾರಿ ವಸತಿ ದೊರೆತವನು ನಗರದ ನಟ್ಟನಡುವೆ ಇರುತ್ತಾನೆ, ಅರವತ್ತರವರೆಗೆ ದೂರದ ಬೆಲೆ ತೆರುವುದಿಲ್ಲ. 2017ರ ನಿಯಮದಂತೆ ಮುಂಗಡದ ಮಿತಿ 34 ತಿಂಗಳ ಮೂಲವೇತನ ಅಥವಾ 25 ಲಕ್ಷ ರೂಪಾಯಿ, ಯಾವುದು ಕಡಿಮೆಯೋ ಅದು. ಆ ಹಣ ಎಂಟಾಪ್ ಹಿಲ್ಲಿನ ನೆರೆಯಲ್ಲಿ ಒಂದು ಕೋಣೆಯನ್ನೂ ಕೊಡದು. ಹಾಗಾಗಿ ಮಕ್ಕಳು ಬೆಳೆದು, ಶಾಲೆ ಗೆಳೆತನಗಳೆಲ್ಲ ಒಂದೆಡೆ ನೆಲೆನಿಂತ ಮೇಲೆ ಸಂಸಾರ ಹೊಸ ಊರಿಗೆ ಹೊರಡುತ್ತದೆ. ಇತರರು ಮೂವತ್ತರಲ್ಲಿ ಹೋಗುವಲ್ಲಿಗೆ ನಾವು ಅರವತ್ತರಲ್ಲಿ ಹೋಗುತ್ತೇವೆ.

ಈಗ 1915ರತ್ತ ಮತ್ತೊಮ್ಮೆ ನೋಡೋಣ. ಗಾಮದೇವಿಯಲ್ಲಿ ಮೊದಲು ಜನ ಕೂಡಿದರು, ಸಂಘ ನೋಂದಾಯಿಸಿದರು, ಬಳಿಕ ಜಾಗ ಪಡೆದರು, ಕೊನೆಗೆ ಮನೆ ಎದ್ದಿತು. ಇಂದು ಬಿಲ್ಡರನು ಜಾಗ ಹಿಡಿಯುತ್ತಾನೆ, ಮನೆ ಮಾರುತ್ತಾನೆ, ಒಬ್ಬರನ್ನೊಬ್ಬರು ಅರಿಯದ ನೂರು ಮಂದಿ ಬಂದು ಸೇರುತ್ತಾರೆ, ಕಟ್ಟಕಡೆಗೆ ಸೊಸೈಟಿ ನೋಂದಣಿಯಾಗುತ್ತದೆ. ಕ್ರಮ ತಿರುಗುಮುರುಗಾಗಿದೆ. ಅದರ ಪರಿಣಾಮ ಕಾಗದಪತ್ರದಲ್ಲೇ ಕಾಣುತ್ತದೆ: ಎಷ್ಟೋ ಕಟ್ಟಡಗಳಲ್ಲಿ ಫ್ಲಾಟು ನಮ್ಮದು, ಕೆಳಗಿನ ನೆಲ ಇನ್ನೂ ಬಿಲ್ಡರನ ಅಥವಾ ಮೂಲ ಮಾಲೀಕನ ಹೆಸರಿನಲ್ಲಿ. ನೆಲದ ಹಕ್ಕನ್ನು ಸೊಸೈಟಿಗೆ ಬರೆದುಕೊಡುವ ‘ಕನ್ವೇಯನ್ಸ್’ ಆಗದೆ ದಶಕಗಳು ಕಳೆದ ಪ್ರಕರಣಗಳು ಎಷ್ಟಿದ್ದವೆಂದರೆ, ಬಿಲ್ಡರನ ಸಹಿಯಿಲ್ಲದೆಯೂ ಅದನ್ನು ಪಡೆಯುವ ‘ಡೀಮ್ಡ್ ಕನ್ವೇಯನ್ಸ್’ ಎಂಬ ದಾರಿಯನ್ನು 2008ರ ತಿದ್ದುಪಡಿ ತೆರೆಯಬೇಕಾಯಿತು. 2017ರಿಂದ ಮಹಾರೇರಾ ಹೊಸ ಯೋಜನೆಗಳ ಮೇಲೆ ಕಣ್ಣಿಟ್ಟಿದೆ. ಆದರೂ ಮೂವತ್ತು ವರ್ಷದ ಕಟ್ಟಡ ಶಿಥಿಲವಾಗಿ ಮರುನಿರ್ಮಾಣದ ಮಾತು ಬಂದಾಗ, ಹಣದ ಜೊತೆಗೆ ಎರಡೂವರೆ ವರ್ಷದ ಆಯುಷ್ಯವನ್ನೂ ತೆತ್ತು ಕೊಂಡ ಮನೆಯ ಕೆಳಗಿನ ಮಣ್ಣು ಯಾರದೆಂಬ ಪ್ರಶ್ನೆ ಎದುರು ಬಂದು ನಿಲ್ಲುತ್ತದೆ.

ಕನ್ನಡಕ್ಕೂ ಇದೇ ಪ್ರಶ್ನೆ. ಕುಟುಂಬಗಳು ಉತ್ತರಕ್ಕೂ ಪೂರ್ವಕ್ಕೂ ಸರಿದಂತೆ ದಕ್ಷಿಣ ಮುಂಬಯಿಯ ರಾತ್ರಿ ಶಾಲೆಗಳೂ ಪಾಲಿಕೆಯ ಕನ್ನಡ ಶಾಲೆಗಳೂ ಮಕ್ಕಳಿಲ್ಲದೆ ಬಡವಾದವು. ಡೊಂಬಿವಲಿಯಲ್ಲಿ ಮಾತ್ರ ಅಲ್ಲಿನ ಕರ್ನಾಟಕ ಸಂಘ ಮಂಜುನಾಥ ವಿದ್ಯಾಲಯವನ್ನು ಕಟ್ಟಿ, ಹೋದಲ್ಲಿ ಬೇರು ಬಿಡಬಹುದೆಂದು ತೋರಿಸಿತು. ಅಲ್ಲಿಯವರು ಮೊದಲು ಕೂಡಿದರು, ಬಳಿಕ ಕಟ್ಟಿದರು. ಕ್ರಮ ಗಾಮದೇವಿಯದೇ, ಬಾಗಿಲು ಮಾತ್ರ ಜಾತಿಯದಲ್ಲ, ಭಾಷೆಯದು. ಅದಕ್ಕೂ ಆಚೆ, 68 ಕಿಲೋಮೀಟರ್ ದೂರದ ಬದ್ಲಾಪುರದಲ್ಲಿ, 60 ಕಿಲೋಮೀಟರ್ ದೂರದ ವಿರಾರಿನಲ್ಲಿ ಇಂದು ಮನೆ ನೋಡುತ್ತಿರುವ ನಮ್ಮ ಕಿರಿಯರು ಒಬ್ಬೊಬ್ಬರೇ ಹೋಗುತ್ತಿದ್ದಾರೆ. ಚದರ ಅಡಿಯ ದರವನ್ನು ಎಲ್ಲರೂ ವಿಚಾರಿಸುತ್ತಾರೆ. ನೆಲ ಸೊಸೈಟಿಯ ಹೆಸರಿಗೆ ಆಗಿದೆಯೇ, ಅಕ್ಕಪಕ್ಕ ಯಾರು ಬರುತ್ತಿದ್ದಾರೆ, ನಾಲ್ಕು ಮನೆಯವರು ಸೇರಿ ಒಂದೇ ಕಟ್ಟಡದಲ್ಲಿ ಕೊಳ್ಳಲಾದೀತೇ ಎಂದೂ ವಿಚಾರಿಸಬೇಕು. ದೂರವನ್ನು ನಾವು ಕಡಿಮೆ ಮಾಡಲಾರೆವು. ಆ ದೂರದಲ್ಲಿ ಒಂಟಿಯಾಗಿ ಇಳಿಯಬೇಕೇ ಎಂಬುದು ಮಾತ್ರ ಇಂದಿಗೂ ನಮ್ಮ ಕೈಯಲ್ಲಿದೆ. ಸಣ್ಣ ಸಂಬಳದ ಗುಮಾಸ್ತರು 1915ರಲ್ಲಿಯೇ ಅದನ್ನು ಮಾಡಿ ತೋರಿಸಿದ್ದಾರೆ.